ಅಮರ ಚಿತ್ರಕಥೆ ಮೊಂಡಾಗಿದೆಯೇ? ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಎರಡು ಬೀರುಗಳ ತುಂಬ, ಪುರಾಣ ಇತಿಹಾಸಗಳನ್ನು ಮಕ್ಕಳಿಗೆ ಚಿತ್ರಗಳಲ್ಲಿ ಹೇಳುವ ಕಾಮಿಕ್ಸ್ ಮಾಲೆಯಾದ ಅಮರ ಚಿತ್ರಕಥೆಯ ಸಂಚಿಕೆಗಳಿವೆ. ಕನ್ನಡದವು ಕಡಿಮೆ, ಇಂಗ್ಲಿಷಿನವು ಹೆಚ್ಚು. ಕೆಲವಕ್ಕೆ ರಕ್ಷಾಪುಟವಿಲ್ಲ, ಕೆಲವನ್ನು ಮಳೆಗಾಲದ ತೇವ ತಿಂದಿದೆ. ಶಾಲೆಯಲ್ಲಿ ಪಾಠ ಹೇಳುತ್ತಿದ್ದ ದಿನಗಳಿಂದಲೂ ಭಾನುವಾರದ ಬೆಳಿಗ್ಗೆ ಮಕ್ಕಳು ಬಂದು ಇಲ್ಲಿ ಕುಳಿತು ಓದುತ್ತಾರೆ. ಅವರನ್ನು ಬಿಡಲು ಬರುವ ತಂದೆ ತಾಯಂದಿರಲ್ಲಿ ಹಲವರು ಒಂದು ಕಾಲಕ್ಕೆ ಇದೇ ನೆಲದ ಮೇಲೆ ಚಾಪೆ ಹಾಸಿಕೊಂಡು ಓದಿದವರು. ಅವರು ಬಾಗಿಲಲ್ಲಿ ನಿಂತು ಕೇಳುವ ಪ್ರಶ್ನೆಗಳು, ಸಕಲೇಶಪುರ, ಅರಸೀಕೆರೆ, ಕಡೂರು, ಮೂಡಿಗೆರೆಗಳಿಂದ ಪತ್ರದಲ್ಲಿ ಬರುವ ಪ್ರಶ್ನೆಗಳು ಬಹುಮಟ್ಟಿಗೆ ಒಂದೇ ಆಗಿರುವುದರಿಂದ, ಉತ್ತರಗಳನ್ನು ಒಂದು ಕಡೆ ಬರೆದಿಡುವುದು ಒಳ್ಳೆಯದೆಂದು ತೋರಿತು. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲಿಯೇ ಉಳಿಸಿಕೊಂಡಿದ್ದೇನೆ.

## ಮೊದಲು ತಿಳಿದಿರಬೇಕಾದವು

ಅದು ನಿಂತೇ ಹೋಯಿತಲ್ಲವೇ? ಈಗಲೂ ಹೊಸದು ಬರುತ್ತಾ?

ನಿಂತಿಲ್ಲ. ಆದರೆ ನೀವು ಬಾಲ್ಯದಲ್ಲಿ ಕಂಡ ರೀತಿಯ ಹರಿವು ನಿಂತಿದೆ ಎಂದರೆ ತಪ್ಪಾಗದು. ಅನಂತ ಪೈ ಅವರ ಸಂಪಾದಕತ್ವದಲ್ಲಿ 1967ರಲ್ಲಿ ಆರಂಭವಾದ ಮಾಲೆ ಮೊದಲು ತಿಂಗಳಿಗೊಂದರಂತೆ, ಮುಂದೆ ಹದಿನೈದು ದಿನಕ್ಕೊಂದರಂತೆ ಬಂದು, 1991ರ ಹೊತ್ತಿಗೆ ಹೊಸ ಸಂಚಿಕೆಗಳ ನಿಯಮಿತ ಪ್ರಕಟಣೆಯನ್ನು ನಿಲ್ಲಿಸಿತು. ಅಲ್ಲಿಂದ ಮುಂದಿನ ವರ್ಷಗಳು ಹೆಚ್ಚಾಗಿ ಮರುಮುದ್ರಣದ ವರ್ಷಗಳು. 2007ರಲ್ಲಿ ಮಾಲೆಯ ಒಡೆತನ ಅದರ ಪ್ರಕಾಶಕರಾಗಿದ್ದ ಇಂಡಿಯಾ ಬುಕ್ ಹೌಸ್‌ನಿಂದ ಎಸಿಕೆ ಮೀಡಿಯಾ ಎಂಬ ಹೊಸ ಸಂಸ್ಥೆಗೆ ಹೋಯಿತು. 2011ರಲ್ಲಿ ಫ್ಯೂಚರ್ ಸಮೂಹ ಅದರಲ್ಲಿ ದೊಡ್ಡ ಪಾಲನ್ನು ಕೊಂಡಿತು. ಅದೇ 2011ರ ಫೆಬ್ರವರಿ 24ರಂದು ಅನಂತ ಪೈ ತೀರಿಕೊಂಡರು. ಕಲ್ಪನಾ ಚಾವ್ಲಾ, ಜೆ.ಆರ್.ಡಿ. ಟಾಟಾ, ಮದರ್ ತೆರೇಸಾ, ರಾಣಿ ಅಬ್ಬಕ್ಕ, ಪರಮವೀರ ಚಕ್ರ ಪಡೆದ ಯೋಧರು, ಹೀಗೆ ಹೊಸ ಪುಸ್ತಕಗಳು ಆಗಾಗ ಬಂದಿವೆ. ಮೊಬೈಲಿನಲ್ಲಿ ಓದುವ ಆ್ಯಪ್ ಕೂಡ ಇದೆ. 2020ರ ಲಾಕ್‌ಡೌನ್ ಕಾಲದಲ್ಲಿ ಅದನ್ನು ಒಂದು ತಿಂಗಳ ಮಟ್ಟಿಗೆ ಉಚಿತವಾಗಿ ತೆರೆದಿಟ್ಟಿದ್ದರು.

ಅದು ಮೊದಲು ಹುಟ್ಟಿದ್ದೇ ಕನ್ನಡದಲ್ಲಿ ಅಂತಾರೆ, ನಿಜವೇ? ನಮ್ಮವರ ಜಂಬವೇ?

ನಿಜ. ಬೆಂಗಳೂರಿನಲ್ಲಿ ಇಂಡಿಯಾ ಬುಕ್ ಹೌಸ್‌ನ ಪುಸ್ತಕ ಮಾರಾಟದ ಹೊಣೆ ಹೊತ್ತಿದ್ದ ಜಿ.ಕೆ. ಅನಂತರಾಂ ಅವರ ಪ್ರಯತ್ನದಿಂದ 1965ರಲ್ಲಿ ‘ಅಮರ ಚಿತ್ರಕಥೆ’ ಎಂಬ ಹೆಸರಿನ ಮೊದಲ ಪುಸ್ತಕಗಳು ಕನ್ನಡದಲ್ಲಿ ಬಂದವು. ಅವು ಪುರಾಣದ ಕಥೆಗಳಾಗಿರಲಿಲ್ಲ. ಪಾಶ್ಚಾತ್ಯ ಕಿನ್ನರಕಥೆಗಳ ಕನ್ನಡ ರೂಪಗಳಾಗಿದ್ದವು. ಅವು ಚೆನ್ನಾಗಿ ಮಾರಾಟವಾದದ್ದನ್ನು ಕಂಡ ಮುಂಬಯಿಯ ಮುಖ್ಯ ಕಚೇರಿ ಈ ಯೋಜನೆಯನ್ನು ಗಂಭೀರವಾಗಿ ಕೈಗೆತ್ತಿಕೊಂಡಿತು. ಇಂಗ್ಲಿಷಿನ ಮೊದಲ ದೇಶೀಯ ಕಥೆಯಾದ ‘ಕೃಷ್ಣ’ 1ನೆಯ ಸಂಖ್ಯೆಯಿಂದಲ್ಲ, 11ನೆಯ ಸಂಖ್ಯೆಯಿಂದ ಆರಂಭವಾಗುವುದಕ್ಕೆ ಕಾರಣ ಇದೇ ಎಂದು ಅನಂತರಾಂ ಅವರೇ ಹೇಳಿದ್ದಾರೆ: ಮೊದಲ ಹತ್ತು ಕನ್ನಡದವು.

ಇದರಿಂದ ಅನಂತ ಪೈ ಅವರ ಕೊಡುಗೆ ಕುಗ್ಗುವುದಿಲ್ಲ. ಅವರೂ ನಮ್ಮ ಕರಾವಳಿಯವರೇ. 1929ರಲ್ಲಿ ಕಾರ್ಕಳದಲ್ಲಿ ಹುಟ್ಟಿ, ಎಳವೆಯಲ್ಲಿಯೇ ತಂದೆ ತಾಯಿಯನ್ನು ಕಳೆದುಕೊಂಡು, ಹನ್ನೆರಡನೆಯ ವಯಸ್ಸಿಗೆ ಮುಂಬಯಿ ಸೇರಿದವರು. 1967ರಲ್ಲಿ ದೂರದರ್ಶನದ ರಸಪ್ರಶ್ನೆಯೊಂದರಲ್ಲಿ ಗ್ರೀಕ್ ಪುರಾಣದ ಪ್ರಶ್ನೆಗೆ ಸಲೀಸಾಗಿ ಉತ್ತರಿಸಿದ ಮಕ್ಕಳು ರಾಮನ ತಾಯಿಯ ಹೆಸರಿಗೆ ತಡವರಿಸಿದ್ದನ್ನು ಕಂಡು ಅವರಿಗಾದ ಕಳವಳದ ಕಥೆ ಎಲ್ಲರಿಗೂ ಗೊತ್ತು. ಕನ್ನಡದ ಆರಂಭದ ಕಥೆ ಮಾತ್ರ ಕನ್ನಡಿಗರಿಗೇ ಗೊತ್ತಿಲ್ಲ. ಆ ನೋವನ್ನು ಮುಂದೆ ಒಂದು ಉತ್ತರದಲ್ಲಿ ವಿವರವಾಗಿ ಹೇಳಿದ್ದೇನೆ.

ಒಂದೇ ಕಥೆಗೆ ಒಂದರಲ್ಲಿ 11 ಅಂತಿದೆ, ಇನ್ನೊಂದರಲ್ಲಿ 501 ಅಂತಿದೆ. ಯಾವುದು ಸರಿ?

ಎರಡೂ ಸರಿ. ಹಳೆಯದು ಮೊದಲ ಪ್ರಕಟಣೆಯ ಕ್ರಮಸಂಖ್ಯೆ; ದಪ್ಪ ಹೊಳಪಿನ ರಕ್ಷಾಪುಟದೊಂದಿಗೆ ಮರುಮುದ್ರಣ ಮಾಡಿದಾಗ 501ರಿಂದ ಹೊಸ ಎಣಿಕೆ ಆರಂಭಿಸಿದರು. ಒಟ್ಟು ಶೀರ್ಷಿಕೆಗಳು ನಾನೂರಕ್ಕೂ ಹೆಚ್ಚು. ಹೋಲಿಕೆಗೆಂದು ಹಳೆಯ ಪ್ರತಿಯನ್ನು ಹುಡುಕುವವರು ಮೂರಂಕಿಯ ಸಂಖ್ಯೆ 5ರಿಂದ ಮೇಲಕ್ಕೆ ಆರಂಭವಾದರೆ ಅದು ಮರುಮುದ್ರಣವಿರಬಹುದೆಂದು ತಿಳಿದು, ಒಳಪುಟದಲ್ಲಿ ಮುದ್ರಣದ ವರ್ಷವನ್ನು ನೋಡಿಕೊಳ್ಳಬೇಕು.

## ಹೋಲಿಸಿ ನೋಡುವವರಿಗೆ

ಸುತ್ತಿ ಬಳಸಿ ಬೇಡ ಸಾರ್, ಮೊದಲಿನ ಮೊನಚು ಈಗ ಇದೆಯೋ ಇಲ್ಲವೋ?

ಚಿತ್ರದ ಗೆರೆಯಲ್ಲಿ ಕಡಿಮೆಯಾಗಿದೆ. ಕಥೆಯನ್ನು ಬಿಗಿದು ಹೇಳುವ ಕಸುಬಿನಲ್ಲಿ ಒಂದಿಷ್ಟು ಸಡಿಲವಾಗಿದೆ. ಯಾರನ್ನು ಹೇಗೆ ಚಿತ್ರಿಸಬೇಕೆಂಬ ವಿವೇಕದಲ್ಲಿ ಮಾಲೆ ಮೊದಲಿಗಿಂತ ಬೆಳೆದಿದೆ. ಕನ್ನಡದ ಮಟ್ಟಿಗೆ ಹೇಳುವುದಾದರೆ, ಇಲ್ಲಿ ಮೊನಚು ಹೋದದ್ದು ಚಿತ್ರಕಾರರಿಂದಲ್ಲ, ಮಾತಿನಿಂದ. ಮತ್ತು ಅದು ಇತ್ತೀಚಿನ ಕಾಯಿಲೆಯೂ ಅಲ್ಲ. ಹಳೆಯದೆಲ್ಲ ಚಿನ್ನ, ಹೊಸದೆಲ್ಲ ತಗಡು ಎಂಬ ಮಾತನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಹಳೆಯ ನಾನೂರರಲ್ಲಿ ಅವಸರಕ್ಕೆ ಬರೆದು ಅವಸರಕ್ಕೆ ಬಿಡಿಸಿದವೂ ಸಾಕಷ್ಟಿವೆ. ನಮ್ಮ ನೆನಪು ಅವನ್ನು ಮರೆತು ಒಳ್ಳೆಯ ಐವತ್ತನ್ನು ಮಾತ್ರ ಉಳಿಸಿಕೊಂಡಿದೆ.

ಚಿತ್ರಗಳು ಮೊದಲಿನ ಹಾಗೆ ಹಿಡಿಸುವುದಿಲ್ಲ. ನನಗೆ ವಯಸ್ಸಾದದ್ದಕ್ಕೋ, ಚಿತ್ರವೇ ಹಾಗೋ?

ಇದನ್ನು ಕೇಳಿದವರು ಬೇಲೂರಿನ ಒಬ್ಬ ಕುಸುರಿ ಕೆಲಸಗಾರರು; ಆದ್ದರಿಂದ ಸ್ವಲ್ಪ ವಿವರವಾಗಿಯೇ ಉತ್ತರಿಸುತ್ತೇನೆ.

ಆರಂಭದ ವರ್ಷಗಳಲ್ಲಿ ಖರ್ಚು ಉಳಿಸಲೆಂದು ಹಳದಿ, ನೀಲಿ, ಹಸಿರುಗಳಲ್ಲಷ್ಟೇ ಚಿತ್ರದ ಚೌಕಗಳನ್ನು ಮುದ್ರಿಸುತ್ತಿದ್ದರು; ಪೂರ್ಣ ಬಣ್ಣ ಬಂದದ್ದು ಆಮೇಲೆ. ಬಣ್ಣದ ನೆರವು ಇಷ್ಟು ಕಡಿಮೆಯಿದ್ದಾಗ ಮುಖದ ಕೋಪ, ಬಟ್ಟೆಯ ಮಡಿಕೆ, ಕುದುರೆಯ ಓಟ, ಕತ್ತಲೆ, ಎಲ್ಲವನ್ನೂ ಕಪ್ಪು ಶಾಯಿಯ ಗೆರೆಯೇ ಹೇಳಬೇಕಾಗಿತ್ತು. ‘ಕೃಷ್ಣ’ವನ್ನು ಬಿಡಿಸಿದ ರಾಮ್ ವಾಯೀರ್ಕರ್, ‘ಮೀರಾಬಾಯಿ’ಯನ್ನು ಬಿಡಿಸಿದ ಯೂಸುಫ್ ಬೆಂಗಳೂರ್‌ವಾಲಾ, ಪ್ರತಾಪ್ ಮುಳೀಕ್, ದಿಲೀಪ್ ಕದಂ, ಇವರೆಲ್ಲ ಕುಂಚದ ಒತ್ತಡವನ್ನು ಬಲ್ಲವರು. ಒಂದೇ ಗೆರೆ ಭುಜದ ಬಳಿ ದಪ್ಪವಾಗಿ ಹೊರಟು ಬೆರಳ ತುದಿಗೆ ಬರುವಾಗ ಕೂದಲೆಳೆಯಷ್ಟು ತೆಳುವಾಗುತ್ತದೆ. ಆ ಇಳಿತದಲ್ಲಿಯೇ ಕೈಗೆ ಬಲ ಬರುತ್ತದೆ. ಯೂಸುಫ್ ಅವರ ಮೀರಾ ತಂಬೂರಿ ಹಿಡಿದು ನಿಂತ ಚೌಕಗಳಲ್ಲಿ ಅಲಂಕಾರ ಬಹಳ ಇದ್ದರೂ ಕಣ್ಣು ಮೊದಲು ಹೋಗುವುದು ಅವಳ ಮುಖಕ್ಕೆ. ರವಿವರ್ಮನ ಕ್ಯಾಲೆಂಡರ್ ಚಿತ್ರಗಳ ನೆರಳು ಈ ಎಲ್ಲರ ಮೇಲೆಯೂ ಇತ್ತು, ಅದು ಕೆಲವೆಡೆ ಭಾರವೂ ಆಗಿತ್ತು. ಆದರೆ ಪ್ರತಿಯೊಬ್ಬರ ಕೈಯನ್ನೂ ಹೆಸರು ನೋಡದೆ ಗುರುತಿಸಬಹುದಾಗಿತ್ತು. ನನ್ನ ವಿದ್ಯಾರ್ಥಿಗಳು ರಕ್ಷಾಪುಟ ಹರಿದ ಸಂಚಿಕೆಯನ್ನು ತೆರೆದು, ಇದು ಯಾರ ಚಿತ್ರ ಎಂದು ಪಂದ್ಯ ಕಟ್ಟುತ್ತಿದ್ದರು.

ಹೊಸ ಮುದ್ರಣಗಳಲ್ಲಿ ಅನೇಕ ಹಳೆಯ ಚಿತ್ರಗಳಿಗೆ ಕಂಪ್ಯೂಟರಿನಲ್ಲಿ ಬಣ್ಣವನ್ನು ಮತ್ತೆ ತುಂಬಲಾಗಿದೆ. ಆಕಾಶ ಮೇಲಿನಿಂದ ಕೆಳಗೆ ನುಣ್ಣಗೆ ತಿಳಿಯಾಗುತ್ತದೆ, ಕೆನ್ನೆಗೆ ನೆರಳು, ಆಭರಣಕ್ಕೆ ಹೊಳಪು ಬಂದಿದೆ. ನೋಡಲು ಅಚ್ಚುಕಟ್ಟು. ಆದರೆ ಗೆರೆ ಆಗಲೇ ಹೇಳಿ ಮುಗಿಸಿದ್ದನ್ನು ಬಣ್ಣ ಇನ್ನೊಮ್ಮೆ ಹೇಳುತ್ತದೆ; ಓದುಗನ ಕಣ್ಣು ಮಾಡಬೇಕಿದ್ದ ಕೆಲಸವನ್ನೂ ತಾನೇ ಮಾಡಿಬಿಡುತ್ತದೆ. ಹೊಸದಾಗಿ ಬಿಡಿಸಿದ ಸಂಚಿಕೆಗಳಲ್ಲಿ ಕೌಶಲ ಕಡಿಮೆಯೆಂದು ನಾನು ಹೇಳಲಾರೆ. ಅವುಗಳಲ್ಲಿ ಕೈಗಳ ನಡುವಿನ ವ್ಯತ್ಯಾಸ ಕಡಿಮೆ. ಒಂದರ ಚಿತ್ರಕಾರನನ್ನು ಇನ್ನೊಂದಕ್ಕೆ ಬದಲಿಸಿದರೆ ಗೊತ್ತಾಗದು. ಹಾಗಾಗಿ ನಿಮ್ಮ ವಯಸ್ಸನ್ನು ದೂರಬೇಡಿ. ‘ಕೃಷ್ಣ’ದ ಹಳೆಯ ಪ್ರತಿಯನ್ನೂ ಹೊಸ ಪ್ರತಿಯನ್ನೂ ಒಂಬತ್ತು ವರ್ಷದ ಹುಡುಗಿಯೊಬ್ಬಳ ಮುಂದಿಟ್ಟಾಗ ಅವಳು ಮೊದಲು ಹೊಸದನ್ನು ಎತ್ತಿಕೊಂಡಳು, ಸ್ವಲ್ಪ ಹೊತ್ತಿನ ಬಳಿಕ ಕಾಳಿಂಗನ ಪುಟಕ್ಕೆ ಬಂದಾಗ ಹಳೆಯದನ್ನು ಪಕ್ಕಕ್ಕೆ ಎಳೆದುಕೊಂಡು, ‘ಇದರಲ್ಲಿ ನೀರು ಜಾಸ್ತಿ ಇದೆ’ ಎಂದಳು. ನೀರು ಎರಡರಲ್ಲಿಯೂ ಅಷ್ಟೇ ಇತ್ತು.

ಮಕ್ಕಳು ಹೆದರುತ್ತಾರೆ ಅಂತ ಕಥೆಯನ್ನೇ ಮೆದು ಮಾಡಿಬಿಟ್ಟಿದ್ದಾರಾ?

ನನ್ನ ಓದಿನಲ್ಲಿ ಹೌದು, ಮತ್ತು ಈ ಬದಲಾವಣೆಯಲ್ಲಿ ನನಗೆ ಪೂರ್ತಿ ಸಮ್ಮತಿಯಿಲ್ಲ. ಸುಮಾರು ಮೂವತ್ತು ಪುಟಗಳ ಚೌಕಟ್ಟಿನಲ್ಲಿ ಒಂದು ಬದುಕನ್ನು ಹೇಳಿ ಮುಗಿಸಬೇಕಾದಾಗ ಹಳೆಯ ಬರಹಗಾರರು ಸಾವನ್ನು ಸಾವೆಂದೇ ಹೇಳುತ್ತಿದ್ದರು. ಅಭಿಮನ್ಯು ರಥದ ಗಾಲಿ ಎತ್ತಿ ಹಿಡಿದು ನಿಂತಾಗ ಮುಂದಿನದು ಏನೆಂದು ಮಗುವಿಗೆ ಗೊತ್ತಾಗುತ್ತಿತ್ತು, ಪುಟ ತಿರುಗಿಸಲು ಕೈ ಹಿಂಜರಿಯುತ್ತಿತ್ತು, ಆದರೂ ತಿರುಗಿಸುತ್ತಿತ್ತು. ಕರ್ಣನ ಕಥೆಯನ್ನು ಓದಿ ಊಟ ಬಿಟ್ಟು ಕುಳಿತ ಹುಡುಗರನ್ನು ನಾನು ಕಂಡಿದ್ದೇನೆ. ಅವರಿಗೆ ಅದರಿಂದ ಕೇಡಾಗಲಿಲ್ಲ; ಪಂಪನಿಂದ ಕುಮಾರವ್ಯಾಸನವರೆಗೆ ಕನ್ನಡ ನಾಡು ಕರ್ಣನಿಗಾಗಿ ಏಕೆ ಮರುಗಿತೆಂಬುದು ಅವರಿಗೆ ಪಠ್ಯಪುಸ್ತಕಕ್ಕಿಂತ ಮೊದಲೇ ತಿಳಿಯಿತು.

ಈಚಿನ ಸಂಚಿಕೆಗಳಲ್ಲಿ ಪೆಟ್ಟು ಬೀಳುವ ಗಳಿಗೆಯನ್ನು ದೂರದಿಂದ ತೋರಿಸಿ, ದುಃಖವನ್ನು ಮೇಲಿನ ಪಟ್ಟಿಯ ವಿವರಣೆಯಲ್ಲಿ ಹೇಳಿ ಮುಗಿಸುವುದನ್ನು ನೋಡುತ್ತೇನೆ. ರಕ್ತ ಕಡಿಮೆಯಾದದ್ದಕ್ಕೆ ನನ್ನ ತಕರಾರಿಲ್ಲ. ದುಃಖಕ್ಕೆ ಒಂದು ಚೌಕವನ್ನಾದರೂ ಮಾತಿಲ್ಲದೆ ಬಿಟ್ಟುಕೊಡಬೇಕೆಂಬುದಷ್ಟೇ ನನ್ನ ಬೇಡಿಕೆ.

ಟೀವಿ ಬಂದದ್ದೇ ಇದಕ್ಕೆ ಮುಳುವಾಯಿತು, ಅಲ್ಲವೇ?

ದೊಡ್ಡ ಕಾರಣ ಅದೇ, ಆದರೆ ಒಂದೇ ಕಾರಣವಲ್ಲ. ಏಳಿಗೆಯ ಕಾಲದಲ್ಲಿ ಮಾಲೆಯ ತಿಂಗಳ ಮಾರಾಟ ಏಳು ಲಕ್ಷ ಪ್ರತಿಗಳನ್ನು ಮುಟ್ಟಿತ್ತು ಎನ್ನಲಾಗಿದೆ. 1987ರ ಜನವರಿಯಲ್ಲಿ ದೂರದರ್ಶನದ ರಾಮಾಯಣ ಧಾರಾವಾಹಿಯೂ 1988ರ ಅಕ್ಟೋಬರಿನಲ್ಲಿ ಮಹಾಭಾರತ ಧಾರಾವಾಹಿಯೂ ಆರಂಭವಾದವು. ಭಾನುವಾರದ ಬೆಳಗು ಅವುಗಳದಾಯಿತು. ನಮ್ಮ ಕೋಣೆ ಆ ಒಂದು ಗಂಟೆ ಖಾಲಿಯಾಗುತ್ತಿತ್ತು. ಆದರೆ ಧಾರಾವಾಹಿ ಮುಗಿದ ಮೇಲೆ ಮಕ್ಕಳು ಓಡಿ ಬಂದು ಅದೇ ಕಥೆಯ ಸಂಚಿಕೆಯನ್ನು ಕೇಳುತ್ತಿದ್ದರು ಎಂಬುದನ್ನೂ ಹೇಳಬೇಕು. ನಿಜವಾದ ಪೆಟ್ಟು 1991ರ ನಂತರ ಕೇಬಲ್ ವಾಹಿನಿಗಳು ಇಡೀ ದಿನವನ್ನು ಆಕ್ರಮಿಸಿಕೊಂಡಾಗ ಬಿದ್ದಿತು. ಅದೇ ಹೊತ್ತಿಗೆ ಪುರಾಣ ಮತ್ತು ಇತಿಹಾಸದ ಸುಪರಿಚಿತ ಹೆಸರುಗಳೆಲ್ಲ ಮುಗಿದಿದ್ದವು. ಇಪ್ಪತ್ತನಾಲ್ಕು ವರ್ಷ ಒಂದೇ ಅಳತೆಯ ಹೊಲಿಗೆ ಹೊಲಿದ ಕೈ ದಣಿಯುವುದು ಸಹಜ.

ಚಂದಮಾಮ ಹೋದ ಹಾಗೆ ಇದೂ ಹೋಗುತ್ತದೆಯೇ?

ಎರಡರ ಸ್ವರೂಪ ಬೇರೆ. 1949ರ ಜುಲೈಯಿಂದ ಕನ್ನಡದಲ್ಲಿ ಬರುತ್ತಿದ್ದ ಚಂದಮಾಮ ಮಾಸಪತ್ರಿಕೆ; ಒಂದು ತಿಂಗಳು ಬರದಿದ್ದರೆ ಅದರ ಉಸಿರು ನಿಂತಂತೆ. ಅಮರ ಚಿತ್ರಕಥೆ ಪುಸ್ತಕಮಾಲೆ. ಹೊಸದು ಬಾರದೆಯೂ ಹಳೆಯದರ ಮರುಮುದ್ರಣದಿಂದ ಬದುಕಬಲ್ಲದು, ಬದುಕಿದೆ. ಆದರೆ ಮರುಮುದ್ರಣದ ಆ ಅನುಕೂಲವೇ ಹೊಸದನ್ನು ಮಾಡುವ ಹಸಿವನ್ನು ಕುಗ್ಗಿಸಿತೆಂದು ನಾನು ನಂಬುತ್ತೇನೆ.

## ಆಳಕ್ಕೆ ಇಳಿದವರಿಗೆ

ಹಳೆಯದರಲ್ಲಿ ರಾಕ್ಷಸರೆಲ್ಲ ಕಪ್ಪು, ದೇವರೆಲ್ಲ ಬಿಳಿ. ನನ್ನ ಮಗಳು ಕಪ್ಪಗಿದ್ದಾಳೆ. ಅವಳಿಗೆ ಇದನ್ನು ಹೇಗೆ ಕೊಡಲಿ?

ಈ ಪ್ರಶ್ನೆಯನ್ನು ಬರೆದ ತಾಯಿಗೆ ನಾನು ಒಂದು ವಾರ ಉತ್ತರಿಸಲಿಲ್ಲ. ಬೀರುವಿನಿಂದ ಸಂಚಿಕೆಗಳನ್ನು ಒಂದೊಂದಾಗಿ ಇಳಿಸಿ, ಬರಿಯ ಬಣ್ಣವನ್ನಷ್ಟೇ ನೋಡುತ್ತ ಹೋದೆ. ಅವರು ಹೇಳಿದ್ದು ಸರಿ. ಅಸುರರು, ಬೇಡರು, ಕಾಡಿನವರು, ಸೇವಕರು ಕಂದು ಅಥವಾ ಕಪ್ಪು. ನಾಯಕ, ನಾಯಕಿ, ಋಷಿ ಗೋಧಿಬಣ್ಣ ಅಥವಾ ಅದಕ್ಕಿಂತ ತಿಳಿ. ಕಪ್ಪಾಗಿರಬೇಕಾದ ದೇವರಿಗೆ ನೀಲಿ. ಮೂವತ್ತು ವರ್ಷ ಮಕ್ಕಳ ಕೈಗೆ ಕೊಟ್ಟ ನಾನು ಇದನ್ನು ಗಮನಿಸಿರಲಿಲ್ಲ ಎಂಬುದು ನನಗೆ ನೋವಿನ ಸಂಗತಿ.

ಹೆಣ್ಣಿನ ಚಿತ್ರಣವೂ ಹೀಗೆಯೇ. ‘ಪದ್ಮಿನಿ’ಯ ಕೊನೆಯಲ್ಲಿ ಬೆಂಕಿಗೆ ಹಾರುವುದೇ ಹೆಣ್ಣಿನ ಪರಮ ಸಾಹಸವೆಂಬಂತೆ ಪುಟ ಬೆಳಗುತ್ತದೆ. 1987ರಲ್ಲಿ ರಾಜಸ್ಥಾನದ ದೇವರಾಲಾದಲ್ಲಿ ರೂಪ್ ಕಂವರ್ ಎಂಬ ಹದಿನೆಂಟರ ಯುವತಿ ಚಿತೆಯಲ್ಲಿ ಬೆಂದ ಮೇಲೆ ಆ ಪುಟವನ್ನು ಮಕ್ಕಳ ಮುಂದೆ ಸುಮ್ಮನೆ ತೆರೆದಿಡಲು ನನ್ನಿಂದಾಗಲಿಲ್ಲ. ಹಳೆಯದರ ಮೊನಚನ್ನು ಹೊಗಳುವವರು ಆ ಮೊನಚು ಕೆಲವೊಮ್ಮೆ ಯಾರಿಗೆ ತಾಗುತ್ತಿತ್ತು ಎಂಬುದನ್ನೂ ನೋಡಬೇಕು. ಈ ವಿಷಯದಲ್ಲಿ ಹೊಸ ಸಂಚಿಕೆಗಳು ಎಚ್ಚರಿಕೆಯಿಂದಿವೆ. ಅದನ್ನು ಸಪ್ಪೆತನವೆಂದು ಕರೆಯುವುದು ಅನ್ಯಾಯ. ಹಳೆಯ ಕಾಲದಲ್ಲಿಯೂ ಬೇರೆ ದಾರಿ ಕಂಡವಿವೆ: 1979ರ ಅಂಬೇಡ್ಕರ್ ಸಂಚಿಕೆ ಕುಡಿಯುವ ನೀರು ನಿರಾಕರಿಸಲ್ಪಟ್ಟ ಬಾಲಕನ ಕಥೆಯನ್ನು ದೇಶದ ಮಧ್ಯಮವರ್ಗದ ಮನೆಯೊಳಗೆ ತಂದಿತು.

ಆ ತಾಯಿಗೆ ನಾನು ಕೊನೆಗೆ ಬರೆದದ್ದು ಇಷ್ಟು: ಏಳು ವರ್ಷಕ್ಕೆ ಬೇಡ, ಹನ್ನೊಂದಕ್ಕೆ ಕೊಡಿ, ಪಕ್ಕದಲ್ಲಿ ಕುಳಿತು ಕೊಡಿ, ಮತ್ತು ಬಣ್ಣದ ಪ್ರಶ್ನೆಯನ್ನು ಅವಳು ಕೇಳುವ ಮೊದಲು ನೀವೇ ಕೇಳಿ.

42 ಭಾಗಗಳ ಮಹಾಭಾರತವೇ ಅದರ ತುತ್ತತುದಿ, ಆಮೇಲೆ ಇಳಿತ ಅಂತ ನಮ್ಮಣ್ಣ ವಾದಿಸುತ್ತಾನೆ. ಒಪ್ಪುತ್ತೀರಾ?

ಅರ್ಧ ಒಪ್ಪುತ್ತೇನೆ. 1970ರ ದಶಕದ ಆರಂಭದಲ್ಲಿ ಇಡೀ ಮಹಾಭಾರತವನ್ನು ಒಂದೇ ಸಂಚಿಕೆಯಲ್ಲಿ ಹೇಳಿದ್ದ ಮಾಲೆ, 1985ರಿಂದ 1989ರವರೆಗೆ ಅದನ್ನೇ 42 ಸಂಚಿಕೆಗಳಲ್ಲಿ, ಸಾವಿರದ ಮುನ್ನೂರರಷ್ಟು ಪುಟಗಳಲ್ಲಿ, ಪ್ರಧಾನವಾಗಿ ದಿಲೀಪ್ ಕದಂ ಅವರ ಚಿತ್ರಗಳೊಂದಿಗೆ ಮತ್ತೆ ಹೇಳಿತು. ಹರವಿನಲ್ಲಿ ಅದಕ್ಕೆ ಸಾಟಿಯಾದದ್ದನ್ನು ಮಾಲೆ ಆಮೇಲೆ ಮಾಡಿಲ್ಲ. ಪಾತ್ರಗಳು ವಯಸ್ಸಾಗುತ್ತ ಹೋಗುವುದನ್ನು, ಭೀಷ್ಮನ ಮುಖ ಸಂಚಿಕೆಯಿಂದ ಸಂಚಿಕೆಗೆ ಬಳಲುವುದನ್ನು ತೋರಿಸಲು ಅಲ್ಲಿ ಜಾಗವಿತ್ತು.

ಆದರೆ ಬಿಗಿಯ ದೃಷ್ಟಿಯಿಂದ ನನಗೆ ಹಳೆಯ ಬಿಡಿ ಸಂಚಿಕೆಗಳೇ ಮೇಲು. ಮೂವತ್ತು ಪುಟದಲ್ಲಿ ಕರ್ಣನನ್ನು ಹೇಳಬೇಕಾದ ಬರಹಗಾರನಿಗೆ ಏನನ್ನು ಬಿಡಬೇಕೆಂಬುದು ಗೊತ್ತಿರಬೇಕು. 42 ಸಂಚಿಕೆ ಇರುವವನು ಏನನ್ನೂ ಬಿಡಬೇಕಿಲ್ಲ. ದೊಡ್ಡ ಮಹಾಭಾರತದ ಕೆಲವು ಭಾಗಗಳಲ್ಲಿ ಉಪಕಥೆಯ ಮೇಲೆ ಉಪಕಥೆ ಬಂದು ಮಕ್ಕಳು ಆಕಳಿಸುವುದನ್ನು ನೋಡಿದ್ದೇನೆ. ಯುದ್ಧಪರ್ವಕ್ಕೆ ಬಂದಾಗ ಮಾತ್ರ ಯಾರೂ ಏಳುವುದಿಲ್ಲ.

ಕನ್ನಡದಲ್ಲಿ ಓದಿದರೆ ಏಕೆ ಅಷ್ಟು ಸಪ್ಪೆ? ಅದೇ ಚಿತ್ರ, ಅದೇ ಕಥೆ, ಇಂಗ್ಲಿಷಿನಲ್ಲಿ ಓದಿದರೆ ಹಿಡಿಸುತ್ತದೆ. ಕನ್ನಡಕ್ಕೆ ಕಾಮಿಕ್ಸ್ ಒಗ್ಗುವುದಿಲ್ಲವೇ?

ಒಗ್ಗುತ್ತದೆ. ಇದಕ್ಕೆ ಉತ್ತರಿಸಲೆಂದೇ ನಾನು ಮೂರು ಸಂಚಿಕೆಗಳ ಎರಡೂ ಭಾಷೆಯ ಪ್ರತಿಗಳನ್ನು ಪಕ್ಕಪಕ್ಕದಲ್ಲಿಟ್ಟು, ಗುಳ್ಳೆಗೆ ಗುಳ್ಳೆ ಹೋಲಿಸಿದೆ.

ಮೊದಲ ತೊಡಕು ಜಾಗದ್ದು. ಮಾತಿನ ಗುಳ್ಳೆಗಳ ಅಳತೆ ಇಂಗ್ಲಿಷಿಗೆ ಹೊಂದಿಸಿದ್ದು. ಇಂಗ್ಲಿಷಿನ ದೊಡ್ಡಕ್ಷರಗಳು ಒಂದೇ ಎತ್ತರದಲ್ಲಿ ಒತ್ತಾಗಿ ಕೂರುತ್ತವೆ. ಕನ್ನಡದ ಅಕ್ಷರಕ್ಕೆ ಮೇಲೆ ಗುಡಿಸು, ಕೆಳಗೆ ಒತ್ತು, ಆದ್ದರಿಂದ ಸಾಲಿಗೂ ಸಾಲಿಗೂ ನಡುವೆ ಉಸಿರಾಡಲು ಎಡೆ ಬೇಕು. ಐದು ಸಾಲು ಹಿಡಿಯುವ ಗುಳ್ಳೆಯಲ್ಲಿ ಕನ್ನಡದ ಮೂರು ಅಥವಾ ನಾಲ್ಕು ಸಾಲು ಹಿಡಿದರೆ ಹೆಚ್ಚು. ಅನುವಾದಕರು ಅಕ್ಷರವನ್ನು ಕಿರಿದು ಮಾಡಬೇಕು, ಇಲ್ಲವೇ ಮಾತನ್ನು ಕತ್ತರಿಸಬೇಕು. ಕತ್ತರಿಸುವಾಗ ಮೊದಲು ಹೋಗುವುದು ಮಾತಿಗೆ ಜೀವ ಕೊಡುವ ‘ಅಲ್ಲಾ’, ‘ತಾನೇ’, ‘ನೋಡು’, ‘ಕಣೋ’ಗಳು.

ಎರಡನೆಯದು ವಾಕ್ಯದ ನಡಿಗೆ. ಅರ್ಜುನ ಜಯದ್ರಥನನ್ನು ಕೊಲ್ಲುವ ಶಪಥ ಮಾಡುತ್ತಾನೆ, ಮಾತು ಎರಡು ಗುಳ್ಳೆಗಳಲ್ಲಿ ಹರಡಿದೆ ಎಂದು ಭಾವಿಸಿ. ಇಂಗ್ಲಿಷಿನಲ್ಲಿ ಕೊಲ್ಲುವ ಕ್ರಿಯೆ ಮೊದಲ ಗುಳ್ಳೆಗೆ, ಸೂರ್ಯಾಸ್ತದ ಗಡುವು ಎರಡನೆಯದಕ್ಕೆ ಬರುತ್ತದೆ. ಚಿತ್ರಕಾರ ಅದಕ್ಕೆ ತಕ್ಕಂತೆ ಮೊದಲ ಚೌಕದಲ್ಲಿ ಉರಿಯುವ ಮುಖವನ್ನೂ ಎರಡನೆಯದರಲ್ಲಿ ದೂರದ ಆಕಾಶವನ್ನೂ ಬಿಡಿಸುತ್ತಾನೆ. ಕನ್ನಡದಲ್ಲಿ ‘ನಾಳೆ ಹೊತ್ತು ಮುಳುಗುವುದರೊಳಗೆ’ ಎಂಬುದು ಮೊದಲು, ‘ಜಯದ್ರಥನನ್ನು ಕೊಲ್ಲುತ್ತೇನೆ’ ಎಂಬುದು ಆಮೇಲೆ. ಈಗ ಉರಿಯುವ ಮುಖ ಹೊತ್ತಿನ ಲೆಕ್ಕ ಹೇಳುತ್ತದೆ, ಶಾಂತವಾದ ಆಕಾಶದ ಮುಂದೆ ಕೊಲೆಯ ಮಾತು ಬರುತ್ತದೆ. ಕ್ರಿಯಾಪದವನ್ನು ಕೊನೆಯವರೆಗೆ ಬಿಗಿಹಿಡಿಯುವುದು ಕನ್ನಡದ ಶಕ್ತಿ. ಕಥೆಯನ್ನು ಕನ್ನಡದಲ್ಲಿಯೇ ಯೋಚಿಸಿ ಚೌಕಗಳನ್ನು ಜೋಡಿಸಿದ್ದರೆ ಅದೇ ಶಕ್ತಿ ಚಿತ್ರಕ್ಕೂ ಬರುತ್ತಿತ್ತು.

ಮೂರನೆಯದು ಮಾತಿನ ಮಟ್ಟ. ಇಂಗ್ಲಿಷಿನ ಒಂದೇ ಸರ್ವನಾಮಕ್ಕೆ ನಮ್ಮಲ್ಲಿ ನೀನು, ನೀವು, ತಾವು ಇವೆ. ಕುಮಾರವ್ಯಾಸನ ಪಾತ್ರಗಳು ಬೀದಿಯ ಜನರಂತೆ ಏಕವಚನದಲ್ಲಿ ಜಗಳವಾಡುತ್ತವೆ, ಮೂದಲಿಸುತ್ತವೆ, ಗೋಳಾಡುತ್ತವೆ. ಮೂಡಲಪಾಯ ಬಯಲಾಟದ ಭಾಗವತರ ಊರುಗಳಲ್ಲಿ ಬೆಳೆದ ಮಕ್ಕಳಿಗೆ ಆ ದನಿ ಗೊತ್ತು. ಚಿತ್ರಕಥೆಯ ಕನ್ನಡದಲ್ಲಿ ಭೀಮನೂ ಆಕಾಶವಾಣಿಯ ವಾರ್ತೆ ಓದುವವರ ಹಾಗೆ ಮಾತನಾಡುತ್ತಾನೆ.

ಕನ್ನಡಕ್ಕೆ ಒಗ್ಗುವುದಿಲ್ಲವೆಂಬವರಿಗೆ ನಾನು ‘ಚಂದ್ರಹಾಸ’ದ ಕಥೆಯನ್ನು ನೆನಪಿಸುತ್ತೇನೆ. ಮಾಲೆಯಲ್ಲಿ ಆ ಸಂಚಿಕೆ ಇದೆ. ಕಥೆಯನ್ನು ಕನ್ನಡಕ್ಕೆ ಮನೆಮಾತು ಮಾಡಿದ ಲಕ್ಷ್ಮೀಶ ಚಿಕ್ಕಮಗಳೂರು ಜಿಲ್ಲೆಯ ಕಡೂರು ತಾಲ್ಲೂಕಿನ ದೇವನೂರಿನವನು. ಮಂತ್ರಿ ದುಷ್ಟಬುದ್ಧಿ ತನ್ನ ಮಗನಿಗೆ ಬರೆದ ಓಲೆಯಲ್ಲಿ, ಅದನ್ನು ತರುವ ಚಂದ್ರಹಾಸನಿಗೆ ‘ವಿಷವ’ ಕೊಡು ಎಂದಿರುತ್ತದೆ. ಮಂತ್ರಿಯ ಮಗಳು ಅದನ್ನು ‘ವಿಷಯೆ’ ಎಂದು ತಿದ್ದುತ್ತಾಳೆ, ಏಕೆಂದರೆ ಅದು ಅವಳ ಹೆಸರು. ಕನ್ನಡದಲ್ಲಿ ಒಂದೇ ಅಕ್ಷರ. ‘ವ’ ಹೋಗಿ ‘ಯೆ’ ಬಂದರೆ ಸಾವು ಹೋಗಿ ಮದುವೆ ಬರುತ್ತದೆ. ಇಂಗ್ಲಿಷಿನಲ್ಲಿ ಇದನ್ನು ಹೇಳಲು ಆ ಪದದ ಅರ್ಥವನ್ನು ವಿವರಿಸಬೇಕು, ವಿವರಿಸುವಾಗ ರೋಮಾಂಚನ ಇಂಗಿಹೋಗುತ್ತದೆ. ಕನ್ನಡದ ಚಿತ್ರಕಾರನೊಬ್ಬ ಓಲೆಗರಿಯನ್ನು ಇಡೀ ಚೌಕದ ತುಂಬ ಬಿಡಿಸಿ, ಆ ಒಂದು ಅಕ್ಷರದ ಮೇಲೆ ಅವಳ ಬೆರಳನ್ನು ಇಟ್ಟರೆ, ವಿವರಣೆಯ ಪಟ್ಟಿಯೇ ಬೇಡ. ಮೊದಲ ಹತ್ತು ಸಂಚಿಕೆಗಳನ್ನು ಕೊಟ್ಟ ಭಾಷೆ ಆಮೇಲಿನ ದಿನಗಳಲ್ಲಿ ಬರಿಯ ಅನುವಾದದ ಭಾಷೆಯಾಗಿ ಉಳಿಯಿತಲ್ಲ ಎಂದು ನನಗೆ ತುಂಬಾ ಬೇಸರವಾಗುವುದು ‘ಚಂದ್ರಹಾಸ’ದ ಈ ಓಲೆಯ ಪುಟವನ್ನು ನೋಡುವಾಗಲೇ.

ಅಮೃತಪುರದ ಗೋಡೆಯ ಮೇಲೆ ಎಂಟು ನೂರು ವರ್ಷದ ಹಿಂದೆಯೇ ಚಿತ್ರಕಥೆ ಇದೆಯಲ್ಲ. ಅದಕ್ಕಿಂತ ಇದು ಏನು ಹೆಚ್ಚು?

ಹೆಚ್ಚಲ್ಲ, ಕಲಿಯಬೇಕಾದದ್ದು ಅಲ್ಲಿದೆ. ತರೀಕೆರೆ ತಾಲ್ಲೂಕಿನ ಅಮೃತಪುರದ ಅಮೃತೇಶ್ವರ ದೇಗುಲವನ್ನು 1196ರಲ್ಲಿ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರ ಕಟ್ಟಿಸಿದ. ಅದರ ಹೊರಗೋಡೆಯಲ್ಲಿ 140 ಫಲಕಗಳಿವೆ: ದಕ್ಷಿಣದಲ್ಲಿ ರಾಮಾಯಣದ 70, ಉತ್ತರದಲ್ಲಿ ಕೃಷ್ಣನ ಬದುಕಿನ 25 ಮತ್ತು ಮಹಾಭಾರತದ 45. ರಾಮಾಯಣ ಹೊಯ್ಸಳರ ವಾಡಿಕೆಗೆ ವಿರುದ್ಧವಾಗಿ ಅಪ್ರದಕ್ಷಿಣವಾಗಿ ಸಾಗುತ್ತದೆ, ಉಳಿದವು ಪ್ರದಕ್ಷಿಣವಾಗಿ.

ಆ ಶಿಲ್ಪಿಗೆ ಮಾತಿನ ಗುಳ್ಳೆಯೂ ಇರಲಿಲ್ಲ, ವಿವರಣೆಯ ಪಟ್ಟಿಯೂ ಇರಲಿಲ್ಲ. ಯಾವ ಗಳಿಗೆಯನ್ನು ಕೆತ್ತಿದರೆ ಅದರ ಹಿಂದಿನದೂ ಮುಂದಿನದೂ ನೋಡುವವನ ಮನಸ್ಸಿನಲ್ಲಿ ತಾನಾಗಿ ಏಳುತ್ತದೆ ಎಂಬುದನ್ನು ಅವನು ಆರಿಸಿಕೊಳ್ಳಬೇಕಾಗಿತ್ತು. ಹಳೆಯ ಅಮರ ಚಿತ್ರಕಥೆಯ ಒಳ್ಳೆಯ ಪುಟಗಳಲ್ಲಿ ಆ ಆಯ್ಕೆ ಇದೆ; ಹೊಸದರಲ್ಲಿ ಚೌಕ ತೋರಿಸುವುದನ್ನೇ ಪಟ್ಟಿ ಹೇಳುವುದು ಹೆಚ್ಚು. ಬೇಲೂರು, ಹಳೇಬೀಡು, ಸೋಮನಾಥಪುರಗಳ ಹೊಯ್ಸಳ ದೇಗುಲಗಳು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ನನ್ನ ಎರಡು ಬೀರುಗಳಲ್ಲಿ ಕೃಷ್ಣದೇವರಾಯನಿದ್ದಾನೆ, ಟಿಪ್ಪು ಇದ್ದಾನೆ, ತೆನಾಲಿ ರಾಮನಿದ್ದಾನೆ, ನಮ್ಮ ಜಿಲ್ಲೆಯ ಬೆಟ್ಟದ ಮೇಲೆ ನಿಂತಿರುವ ಬಾಹುಬಲಿಯಿದ್ದಾನೆ. ವಿಷ್ಣುವರ್ಧನನೂ ಶಾಂತಲೆಯೂ ಇಲ್ಲ. ಹಳೇಬೀಡಿಗೆ ಹೋಗಿ ಬಂದ ಮಕ್ಕಳು ಅವರ ಸಂಚಿಕೆ ಕೇಳಿದಾಗಲೆಲ್ಲ ನಾನು ಬರಿಗೈಯಲ್ಲಿ ನಿಲ್ಲುತ್ತೇನೆ.

ಇಷ್ಟೆಲ್ಲ ಕೇಳಿದ ಮೇಲೆ, ಎಂಟು ವರ್ಷದ ಮಗನಿಗೆ ಯಾವುದರಿಂದ ಶುರು ಮಾಡಿಸಲಿ?

‘ಕೃಷ್ಣ’ದಿಂದ. ಅಲ್ಲಿ ಓಟವಿದೆ, ತುಂಟತನವಿದೆ, ವಾಯೀರ್ಕರ್ ಅವರ ಗೆರೆಯಿದೆ. ಆಮೇಲೆ ತೆನಾಲಿ ರಾಮ, ಪಂಚತಂತ್ರ. ಹತ್ತು ದಾಟಿದ ಮೇಲೆ ‘ಕರ್ಣ’, ‘ಮೀರಾಬಾಯಿ’, ‘ಬಾಹುಬಲಿ’. ಹೊಸದರಲ್ಲಿ ‘ರಾಣಿ ಅಬ್ಬಕ್ಕ’ವನ್ನೂ ಪರಮವೀರ ಚಕ್ರದ ಸಂಪುಟವನ್ನೂ ಕೊಡಿ. 42 ಭಾಗಗಳ ಮಹಾಭಾರತವನ್ನು ಬೇಸಿಗೆ ರಜೆಗೆ ಇಟ್ಟುಕೊಳ್ಳಿ.

ಕನ್ನಡದ ಪ್ರತಿಗಳಿಗಾಗಿ ಅಂಗಡಿಗಳನ್ನು ಅಲೆದು ಬರಿಗೈಯಲ್ಲಿ ಬಂದೆವೆಂದು ಅನೇಕರು ಬರೆಯುತ್ತಾರೆ, ನನಗೂ ಹಾಗಾಗಿದೆ. ಸಿಗದಿದ್ದರೆ ಇಂಗ್ಲಿಷಿನದನ್ನೇ ಮಗುವಿನ ಮುಂದೆ ತೆರೆದಿಟ್ಟು, ಪ್ರತಿ ಗುಳ್ಳೆಯ ಮಾತನ್ನೂ ನಿಮ್ಮ ಮನೆಯ ಕನ್ನಡದಲ್ಲಿ ಹೇಳಿ. ಯಶೋದೆ ನಿಮ್ಮ ಅಜ್ಜಿಯ ಹಾಗೆ ಗದರಲಿ, ಭೀಮ ನಿಮ್ಮ ಊರಿನವರ ಹಾಗೆ ಕೂಗಾಡಲಿ. ನಮ್ಮ ಕೋಣೆಯಲ್ಲಿ ಭಾನುವಾರ ಹಾಗೆಯೇ ನಡೆಯುತ್ತದೆ, ಮತ್ತು ಎರಡನೆಯ ಬಾರಿಗೆ ಅದೇ ಸಂಚಿಕೆ ತೆರೆದಾಗ ಮಕ್ಕಳು ನನ್ನ ಮಾತನ್ನು ತಿದ್ದಿ ತಮ್ಮದನ್ನು ಹೇಳುತ್ತಾರೆ.